ಡಯಾನಾ 27: ಬಿಚ್ಚಿ, ಹದ ಮಾಡಿ, ವರ್ಷಗಟ್ಟಲೆ ಬಳಸಿದ ಮೇಲೆ

ಡಯಾನಾ 27ರ ತೂಕ ಎಷ್ಟು, ಉದ್ದ ಎಷ್ಟು ಅನ್ನುವುದೆಲ್ಲ ಹುಡುಕಿದರೆ ಸಿಗುತ್ತದೆ. ಅದನ್ನು ಮತ್ತೆ ಬರೆಯುವುದಿಲ್ಲ. ನಾನು ಬರೆಯಲು ಕೂತಿರುವುದು ಆ ಏರ್ ರೈಫಲ್ ಒಳಗೆ, ಪಿಸ್ಟನ್ ತುದಿಯಲ್ಲಿ ಕೂರುವ ಒಂದು ತೊಗಲಿನ ವಾಷರ್ ಬಗ್ಗೆ. ಇಡೀ ರೈಫಲ್‌ನಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟಿರುವುದು ಅದೇ. ಅದರ ಜಾಗಕ್ಕೆಂದು ತರಿಸಿದ ಹೊಸ ಕಿಟ್ ಅಷ್ಟೇ ಬೇಸರ ತರಿಸಿತು.

ನನ್ನದು 5.5 ಮಿಮೀ ಬೋರಿನದು. ಪಿಸ್ಟನ್ ಓಡಾಡುವ ಟ್ಯೂಬಿನ ಹಿಂಭಾಗದಲ್ಲಿ, ಎಡಗಡೆ, ತಯಾರಾದ ತಿಂಗಳು ಮತ್ತು ವರ್ಷವನ್ನು ಸಣ್ಣದಾಗಿ ಒತ್ತಿದ್ದಾರೆ. 1972ರ ಮಾಲು. ಮಾಡಿದ್ದು ಜರ್ಮನಿಯ ರಾಷ್ಟಾಟ್‌ನಲ್ಲಿ 1890ರಲ್ಲಿ ಶುರುವಾದ ಮಾಯರ್ ಅಂಡ್ ಗ್ರಾಮೆಲ್ಸ್‌ಪಾಖರ್ ಕಂಪನಿ. ಇದೇ ರೈಫಲ್ ವಿಂಚೆಸ್ಟರ್ 427, ಹೈ-ಸ್ಕೋರ್ 807 ಅನ್ನುವ ಹೆಸರಲ್ಲೂ ಮಾರಾಟವಾಗಿದೆ. ಆ ಹೆಸರಿನ ಹಳೆಯದೊಂದು ನಿಮ್ಮ ಕೈಗೆ ಸಿಕ್ಕಿದ್ದರೂ ಇಲ್ಲಿ ಬರೆದಿದ್ದು ಉಪಯೋಗಕ್ಕೆ ಬರುತ್ತದೆ.

ನನ್ನ ಕೈಗೆ ಬಂದಾಗ ಅದರ ಸ್ಥಿತಿ ಚೆನ್ನಾಗಿರಲಿಲ್ಲ. ಕಾಕ್ ಮಾಡಲು, ಅಂದರೆ ಒಳಗಿನ ಸ್ಪ್ರಿಂಗ್ ಒತ್ತಿ ಹೊಡೆಯಲು ಸಿದ್ಧ ಮಾಡಲು, ಬ್ಯಾರೆಲ್ ಮಡಿಸಿದರೆ ಒಳಗಿನಿಂದ ಒಣ ತೊಗಲಿನ ಕಿರ್ರ್ ಸದ್ದು. ಹೊಡೆದರೆ ಪೆಲೆಟ್ (ಸೀಸದ ಪುಟ್ಟ ಗುಂಡು) ರಟ್ಟಿನ ಡಬ್ಬಿಯನ್ನೂ ದಾಟುತ್ತಿರಲಿಲ್ಲ. ಬ್ರೀಚ್, ಅಂದರೆ ಬ್ಯಾರೆಲ್‌ನ ಹಿಂದಿನ ಬಾಯಿ, ಟ್ಯೂಬಿಗೆ ಕೂಡುವ ಜಾಗದ ಮೇಲೆ ಒಂದು ಟಿಶ್ಯೂ ಚೂರು ಇಟ್ಟು ಹೊಡೆದೆ, ಚೂರು ಹಾರಿ ಹೋಯಿತು. ಅಂದರೆ ಗಾಳಿ ಬ್ಯಾರೆಲ್‌ಗೆ ಹೋಗುವ ಬದಲು ಅಲ್ಲೇ ಸೋರುತ್ತಿದೆ ಅಂತ ಅರ್ಥ. ಹಳೆಯ ಏರ್ ರೈಫಲ್ ನೋಡಲು ಹೋದವರು ಇದೊಂದು ಪರೀಕ್ಷೆ ಮಾಡಿಯೇ ಮಾಡಬೇಕು. ಖರ್ಚಿಲ್ಲ, ಉತ್ತರ ತಕ್ಷಣ ಸಿಗುತ್ತದೆ.

ಬಿಚ್ಚುವ ಕೆಲಸ ಕಷ್ಟದ್ದಲ್ಲ, ಆದರೆ ಅವಸರ ಮಾಡಬಾರದು. ಕಾಕ್ ಮಾಡದೇ ಇದ್ದಾಗಲೂ ಸ್ಪ್ರಿಂಗ್ ಒಳಗೆ ಒತ್ತಿಕೊಂಡೇ ಇರುತ್ತದೆ. ಪಿನ್ ತೆಗೆದ ತಕ್ಷಣ ಟ್ರಿಗರ್ ಬ್ಲಾಕ್ ಹಿಂದಕ್ಕೆ ಚಿಮ್ಮುತ್ತದೆ. ಎದುರಿಗೆ ಮುಖ ಇದ್ದರೆ ಗತಿ ಏನು? ಗಟ್ಟಿ ಮರದ ಹಲಗೆ, ಎರಡು ಕಡೆ ತಡೆ, ಒಂದು ಉದ್ದನೆಯ ಥ್ರೆಡ್ ರಾಡ್, ನಟ್ಟು. ಇಷ್ಟರಲ್ಲಿ ಸ್ಪ್ರಿಂಗ್ ಕಂಪ್ರೆಸರ್ ತಯಾರಾಗುತ್ತದೆ. ರಾಡ್ ತಿರುಗಿಸಿ ಬ್ಲಾಕನ್ನು ಸ್ವಲ್ಪ ಒಳಗೆ ಒತ್ತಬೇಕು, ಆಗ ಅಡ್ಡ ಪಿನ್‌ಗಳು ಸಲೀಸಾಗಿ ಹೊರಗೆ ಬರುತ್ತವೆ. ಆಮೇಲೆ ನಿಧಾನವಾಗಿ ರಾಡ್ ಸಡಿಲ ಮಾಡುತ್ತಾ ಬರಬೇಕು.

ಈ ರೈಫಲ್‌ನ ಟ್ರಿಗರ್ ಬಗ್ಗೆ ಒಂದು ಮಾತು. ಪಿಸ್ಟನ್ ಕಡ್ಡಿಯನ್ನು ಹಿಡಿದು ನಿಲ್ಲಿಸುವುದು ಕೊಕ್ಕೆಯಲ್ಲ, ಮೂರು ಪುಟ್ಟ ಉಕ್ಕಿನ ಗುಂಡುಗಳು. ಮೂರೂ ಕಡೆಯಿಂದ ಸಮನಾಗಿ ಹಿಡಿಯುವುದರಿಂದ ಎಳೆತ ಹಗುರ, ಬಿಡುವಾಗ ಗರಗರ ಅನ್ನುವುದಿಲ್ಲ. ಜೋಡಿಸುವಾಗ ಮಾತ್ರ ಗುಂಡುಗಳು ಉರುಳಿ ಹೋಗದಂತೆ ನೋಡಿಕೊಳ್ಳಬೇಕು. ಅವು ಕೂರುವ ಗುಂಡಿಗಳಿಗೆ ಗಟ್ಟಿ ಗ್ರೀಸ್ ತುಂಬಿ, ಒಂದೊಂದೇ ಗುಂಡನ್ನು ಬೆಂಕಿಕಡ್ಡಿ ತುದಿಯಿಂದ ಒತ್ತಿ ಕೂರಿಸಿದರೆ ಗ್ರೀಸೇ ಹಿಡಿದುಕೊಳ್ಳುತ್ತದೆ. ಈ ಕೆಲಸ ನನಗೆ ತುಂಬಾ ಇಷ್ಟ. ಐವತ್ತು ವರ್ಷದ ಹಿಂದೆ ಯಾರೋ ಇಷ್ಟು ಯೋಚನೆ ಮಾಡಿ ಮಾಡಿದ್ದಾರಲ್ಲ ಅನ್ನಿಸುತ್ತದೆ.

ಈಗ ಕಿಟ್ ವಿಚಾರ. ಗಟ್ಟಿ ಸ್ಪ್ರಿಂಗ್, ಸಿಂಥೆಟಿಕ್ ಸೀಲ್, ಸ್ಪ್ರಿಂಗ್ ನೇರವಾಗಿ ನಿಲ್ಲಲು ಅದರೊಳಗೆ ಕೂರುವ ಒಂದು ಗೈಡ್. ‘ಏನೂ ತಿದ್ದುವುದು ಬೇಡ, ನೇರವಾಗಿ ಕೂರುತ್ತದೆ’ ಎಂದು ಮಾರಿದವರು ಬರೆದಿದ್ದರು. ಕೂರಲಿಲ್ಲ. ಸ್ಪ್ರಿಂಗ್ ಒಳಗೆ ಗೈಡ್ ಅಲ್ಲಾಡುತ್ತಿತ್ತು. ತಂತಿ ದಪ್ಪ, ಸುತ್ತು ಜಾಸ್ತಿ. ಪೂರ್ತಿ ಕಾಕ್ ಆಗುವ ಹೊತ್ತಿಗೆ ಸುತ್ತುಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಬರುತ್ತಿದ್ದವು. ಹೊಡೆದಾಗ ಟೊಂಯ್ಯ್ ಅಂತ ಸ್ಪ್ರಿಂಗ್ ಮೊಳಗುತ್ತಿತ್ತು, ಆ ನಡುಕ ಕೆನ್ನೆಗೆ ತಾಗುತ್ತಿತ್ತು. ಪೆಲೆಟ್ ವೇಗ ಅಳೆಯುವ ಕ್ರೋನೋಗ್ರಾಫ್ ಮುಂದೆ ಇಟ್ಟರೆ 0.93 ಗ್ರಾಂ ಪೆಲೆಟ್‌ಗೆ ಸರಾಸರಿ ಸೆಕೆಂಡಿಗೆ 146 ಮೀಟರ್ ವೇಗ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಅತಿ ವೇಗದ ಹೊಡೆತಕ್ಕೂ ಅತಿ ನಿಧಾನದ್ದಕ್ಕೂ 12 ಮೀಟರ್ ವ್ಯತ್ಯಾಸ. ಗುರಿ ಒಂದು ಕಡೆ, ತೂತು ಇನ್ನೊಂದು ಕಡೆ.

ಗಟ್ಟಿ ಸ್ಪ್ರಿಂಗ್ ಹಾಕಿದರೆ ಶಕ್ತಿ ಜಾಸ್ತಿ ಆಗುತ್ತದೆ ಅನ್ನುವ ನಂಬಿಕೆ ತುಂಬಾ ಜನರಿಗೆ ಇದೆ. ಒಂದು ಮಟ್ಟದವರೆಗೆ ಮಾತ್ರ ನಿಜ. ಈ ರೈಫಲ್‌ನಲ್ಲಿ ಪೆಲೆಟ್ಟನ್ನು ತಳ್ಳುವುದು ಸ್ಪ್ರಿಂಗ್ ಅಲ್ಲ, ಗಾಳಿ. ಪಿಸ್ಟನ್ ಮುಂದೆ ನುಗ್ಗಿ ಗಾಳಿಯನ್ನು ಹಿಂಡುತ್ತದೆ. ಗಾಳಿ ಬಿಸಿಯಾಗಿ, ಸಣ್ಣ ತೂತಿನಿಂದ ಪೆಲೆಟ್ ಹಿಂದೆ ನುಗ್ಗುತ್ತದೆ. ಸಿಲಿಂಡರ್‌ನಲ್ಲಿ ಗಾಳಿ ಎಷ್ಟಿದೆಯೋ ಅಷ್ಟೇ. ಸ್ಪ್ರಿಂಗ್ ಬಲ ಏರಿಸಿದರೆ ಪಿಸ್ಟನ್ ಆ ಗಾಳಿಗೆ ಇನ್ನೂ ಜೋರಾಗಿ ಬಡಿದು ಹಿಂದಕ್ಕೆ ಪುಟಿಯುತ್ತದೆ. ಹೆಚ್ಚುವರಿ ಬಲದಲ್ಲಿ ದೊಡ್ಡ ಪಾಲು ಪೆಲೆಟ್‌ಗೆ ಹೋಗದೆ ನಮ್ಮ ಭುಜಕ್ಕೆ, ಮರದ ಸ್ಟಾಕ್‌ಗೆ, ಸ್ಕ್ರೂಗಳಿಗೆ ಹೋಗುತ್ತದೆ.

ಸಿಂಥೆಟಿಕ್ ಸೀಲ್ ಕೂಡ ನಿರಾಸೆ ಮಾಡಿತು. ಹೊಸ ರೈಫಲ್‌ಗಳಲ್ಲಿ ಅದು ಒಳ್ಳೆಯದೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಇದರ ಹಳೆಯ ಟ್ಯೂಬ್ ಒಳಗೆ ಅಲ್ಲಲ್ಲಿ ಗೆರೆ, ಸ್ವಲ್ಪ ಸವೆತ. ಆ ಸೀಲ್ ಒಂದೇ ಅಳತೆಗೆ ಎರಕ ಹೊಯ್ದದ್ದು, ಎಲ್ಲ ಕಡೆ ತಾಗಲಿಲ್ಲ.

ಹಾಗಾಗಿ ಕಿಟ್ ಪೂರ್ತಿ ಹೊರಗೆ ತೆಗೆದೆ. ಮೂಲ ಅಳತೆಯ ಮೆತ್ತನೆ ಸ್ಪ್ರಿಂಗ್ ತಂದೆ, ಅದಕ್ಕೆ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಗೈಡನ್ನು ಲೇತ್‌ನಲ್ಲಿ ಮಾಡಿಸಿದೆ. ವಾಷರನ್ನು ತೊಗಲಿನಲ್ಲಿ ನಾನೇ ಮಾಡಿಕೊಂಡೆ.

ಮರದ ತೊಗಟೆಯಿಂದ ಹದ ಮಾಡಿದ ತೊಗಲೇ ಬೇಕು, ಸುಮಾರು 3 ಮಿಮೀ ದಪ್ಪ. ಕ್ರೋಮ್ ಹಾಕಿ ಹದ ಮಾಡಿದ್ದು ಮೆತ್ತಗಿರುತ್ತದೆ, ಒತ್ತಿದ ಆಕಾರ ನಿಲ್ಲುವುದಿಲ್ಲ. ದುಂಡಗೆ ಕತ್ತರಿಸಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಬೇಕು. ನೀರು ಸುಡುವಷ್ಟಿದ್ದರೆ ತೊಗಲು ಮುದುರಿ ಕಲ್ಲಾಗುತ್ತದೆ. ನೆನೆದ ತೊಗಲನ್ನು ಟ್ಯೂಬಿನ ಅಳತೆಯ ಪೈಪ್ ತುಂಡಿನೊಳಗೆ ಇಟ್ಟು, ಮಧ್ಯಕ್ಕೆ ಬೋಲ್ಟು ತೂರಿಸಿ, ನಟ್ಟು ಬಿಗಿ ಮಾಡುತ್ತಾ ಹೋದರೆ ಅಂಚು ಮೇಲೆದ್ದು ಬಟ್ಟಲಾಗುತ್ತದೆ. ನೆರಳಲ್ಲಿ ಪೂರ್ತಿ ಒಣಗಬೇಕು. ಆಮೇಲೆ ಹರಿತವಾದ ಬ್ಲೇಡಿನಿಂದ ಅಂಚು ಸಮ ಮಾಡಿ, ಹೊರಮೈಯನ್ನು ಉಪ್ಪುಕಾಗದದಿಂದ ಉಜ್ಜಬೇಕು. ಟ್ಯೂಬಿನೊಳಗೆ ಬೆರಳಿನಿಂದ ತಳ್ಳಿದರೆ ಸ್ವಲ್ಪ ಹಟ ಮಾಡಿ ಸರಿಯಬೇಕು, ಅಷ್ಟು ಸಾಕು. ಕೊನೆಗೆ ತೊಗಲಿಗೆಂದೇ ಸಿಗುವ ನೀಟ್ಸ್‌ಫುಟ್ ಎಣ್ಣೆಯಲ್ಲಿ ಮುಳುಗಿಸಿ ಇಟ್ಟೆ. ಮೊದಲು ಸಣ್ಣ ಗುಳ್ಳೆಗಳು ಏಳುತ್ತವೆ. ಅವು ನಿಂತ ಮೇಲೆ ತೆಗೆದು ಒರೆಸಿದರೆ ಕಡು ಕಂದು ಬಣ್ಣಕ್ಕೆ ತಿರುಗಿ, ಹಿಂಡಿದರೆ ಬಗ್ಗುವಂತೆ ಆಗಿರುತ್ತದೆ.

ಬಟ್ಟಲಿನ ಬಾಯಿ ಮುಂದಕ್ಕೆ ಇರಬೇಕು. ಗಾಳಿ ಒತ್ತಿದಾಗ ಅಂಚು ಹೊರಕ್ಕೆ ಅರಳಿ ಟ್ಯೂಬಿನ ಗೋಡೆಗೆ ಅಂಟುತ್ತದೆ. ಒತ್ತಡ ಜಾಸ್ತಿಯಾದಷ್ಟೂ ಹಿಡಿತ ಜಾಸ್ತಿ. ಗೆರೆ ಇರಲಿ, ಸವೆತ ಇರಲಿ, ತೊಗಲು ಅದಕ್ಕೆ ಹೊಂದಿಕೊಳ್ಳುತ್ತದೆ. ತೂರಿಸುವ ಮೊದಲು ಟ್ಯೂಬಿನಲ್ಲಿ ಕಾಕಿಂಗ್ ಕೊಂಡಿ ಓಡಾಡುವ ಸೀಳಿನ ಅಂಚನ್ನು ಸಣ್ಣ ಅರದಿಂದ ನುಣುಪು ಮಾಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಅಷ್ಟು ಪ್ರೀತಿಯಿಂದ ಮಾಡಿದ ವಾಷರ್ ಒಳಗೆ ಹೋಗುವಾಗಲೇ ಕೊಯ್ದುಹೋಗುತ್ತದೆ. ಪಿಸ್ಟನ್ ಮೈಗೆ ತೆಳುವಾಗಿ ಮಾಲಿಬ್ಡಿನಂ ಗ್ರೀಸ್, ಸ್ಪ್ರಿಂಗ್‌ಗೆ ಅಂಟು ಅಂಟಾದ ಕಪ್ಪು ಡ್ಯಾಂಪಿಂಗ್ ಗ್ರೀಸ್ ಒಂದು ಪದರ. ವಾಷರ್ ಮುಂದಿನ ಜಾಗದಲ್ಲಿ ಗ್ರೀಸ್ ಇರಕೂಡದು. ಹಿಂಡಿದ ಬಿಸಿ ಗಾಳಿಗೆ ಅದು ಹೊತ್ತಿಕೊಂಡು ಡೀಸೆಲ್ ಎಂಜಿನ್ ಒಳಗೆ ಆಗುವಂಥದ್ದೇ ಇಲ್ಲೂ ಆಗುತ್ತದೆ. ಸೀಲ್, ಸ್ಪ್ರಿಂಗ್ ಎರಡಕ್ಕೂ ಅದು ಒಳ್ಳೆಯದಲ್ಲ.

ಮೊದಮೊದಲು ಸ್ವಲ್ಪ ಹೊಗೆ ಬಂತು, ಎಣ್ಣೆ ವಾಸನೆ ಬಂತು, ವೇಗ ಏರುಪೇರಾಯಿತು. ತೊಗಲು ಪಳಗಿದ ಮೇಲೆ ಎಲ್ಲ ನಿಂತುಹೋಯಿತು. ಈಗ ಸರಾಸರಿ ಸೆಕೆಂಡಿಗೆ 140 ಮೀಟರ್, ಅಂದರೆ ಸುಮಾರು 9 ಜೂಲ್. ಕಿಟ್‌ಗಿಂತ 6 ಮೀಟರ್ ಕಡಿಮೆ. ಆದರೆ ಏರಿಳಿತ 3 ಮೀಟರ್ ಅಷ್ಟೇ. ಟಿಶ್ಯೂ ಚೂರು ಇಟ್ಟರೆ ಅಲ್ಲಾಡುವುದಿಲ್ಲ. ಸದ್ದಂತೂ ದಪ್ಪ ಪುಸ್ತಕ ಮುಚ್ಚಿದ ಹಾಗೆ, ಒಂದೇ ಟಪ್. ಈ ಸದ್ದಿಗೋಸ್ಕರ ಇನ್ನೊಮ್ಮೆ ಇಷ್ಟೂ ಕೆಲಸ ಮಾಡು ಅಂದರೂ ಮಾಡುತ್ತೇನೆ.

ನನ್ನ ಬಳಕೆ ಸರಳ. ಸಂಜೆ ಕೆಲಸ ಮುಗಿಸಿ 10 ಮೀಟರ್ ದೂರದ ಕಾಗದಕ್ಕೆ, ನಿಂತುಕೊಂಡು ಹೊಡೆಯುತ್ತೇನೆ. ಹಿಂದೆ ದಪ್ಪ ಪೆಲೆಟ್ ಟ್ರ್ಯಾಪ್, ಕಣ್ಣಿಗೆ ಕನ್ನಡಕ. ಪೆಲೆಟ್‌ಗಳನ್ನು ಅಂಗೈ ಮೇಲೆ ಸುರಿದು, ಅಂಚು ಸೊಟ್ಟಗಾದದ್ದನ್ನು ಪಕ್ಕಕ್ಕೆ ಇಡುತ್ತೇನೆ. ಒಂದನ್ನು ಬ್ರೀಚ್‌ಗೆ ಇಟ್ಟು ಹೆಬ್ಬೆರಳಿನಿಂದ ಒತ್ತಿದಾಗ ಮೆತ್ತಗೆ ಒಳಗೆ ಕೂರುವುದು ಗೊತ್ತಾಗುತ್ತದೆ. ಇಷ್ಟಕ್ಕೂ ಇನ್ನೊಂದು ಕೈ ಬ್ಯಾರೆಲ್ಲನ್ನು ಬಿಡುವುದಿಲ್ಲ. ಟ್ರಿಗರ್ ಜಾರಿದರೆ ಬ್ಯಾರೆಲ್ ರಪ್ಪನೆ ಮುಚ್ಚಿಕೊಂಡು ಬೆರಳು ಹೋಗುತ್ತದೆ. ಹಿಡಿಯುವಾಗ ಮುಂದಿನ ಕೈಯ ಅಂಗೈ ಮೇಲೆ ಸುಮ್ನೆ ಇಟ್ಟುಕೊಳ್ಳಬೇಕು, ಬಿಗಿಯಾಗಿ ಅಲ್ಲ. ಪೆಲೆಟ್ ಇನ್ನೂ ಬ್ಯಾರೆಲ್ ಒಳಗೆ ಇರುವಾಗಲೇ ರೈಫಲ್ ಹಿಂದೆ ಮುಂದೆ ಕುಲುಕುತ್ತದೆ. ಅದು ಪ್ರತಿ ಸಲ ಒಂದೇ ಥರ ಕುಲುಕಲು ಬಿಟ್ಟರೆ ಕಾಗದದ ಮೇಲೆ ತೂತುಗಳ ಗುಂಪು ಚಿಕ್ಕದಾಗುತ್ತದೆ. ಮುಗಿದ ಮೇಲೆ ಬಟ್ಟೆಯಿಂದ ಒರೆಸಿ ಇಟ್ಟು, ಸೋಪು ಹಾಕಿ ಕೈ ತೊಳೆಯುತ್ತೇನೆ, ಸೀಸ ಮುಟ್ಟಿರುತ್ತೇವಲ್ಲ. ಪೆಲೆಟ್ ಇಲ್ಲದೆ ಖಾಲಿ ಮಾತ್ರ ಹೊಡೆಯುವುದಿಲ್ಲ, ತಡೆಯುವ ಗಾಳಿ ಇರದೆ ಪಿಸ್ಟನ್ ನೇರ ಹೋಗಿ ಕಬ್ಬಿಣಕ್ಕೆ ಬಡಿಯುತ್ತದೆ.

ಕೊರತೆಗಳೂ ಇವೆ. ತೊಗಲಿಗೆ ಆರೈಕೆ ಬೇಕು. ಬಹಳ ದಿನ ಮುಟ್ಟದೆ ಇಟ್ಟರೆ ಒಣಗಿ ಮತ್ತೆ ಕಿರ್ರ್ ಅನ್ನುತ್ತದೆ. ಆಗ ಗಾಳಿ ಬರುವ ತೂತಿಗೆ ಎರಡು ಹನಿ ಸಿಲಿಕೋನ್ ಎಣ್ಣೆ ಬಿಟ್ಟು, ಎಣ್ಣೆ ವಾಷರ್ ಕಡೆ ಇಳಿಯಲಿ ಅಂತ ಬ್ಯಾರೆಲ್ ಮೇಲೆ ಮಾಡಿ ಒಂದು ರಾತ್ರಿ ನಿಲ್ಲಿಸುತ್ತೇನೆ. ಮಾರನೇ ದಿನದ ಮೊದಲ ಕೆಲವು ಹೊಡೆತಗಳನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. ಸ್ಟಾಕ್ ಸ್ಕ್ರೂಗಳು ಸಡಿಲವಾಗುತ್ತಲೇ ಇರುತ್ತವೆ, ಗುರಿ ಏಕಾಏಕಿ ತಪ್ಪಿದರೆ ಮೊದಲು ಅವನ್ನೇ ನೋಡಿ. ಸೇಫ್ಟಿ ಕ್ಯಾಚ್ ಇಲ್ಲವೇ ಇಲ್ಲ, ಆದ್ದರಿಂದ ಹೊಡೆಯುವ ಕ್ಷಣದವರೆಗೆ ಕಾಕ್ ಮಾಡಬಾರದು. ದೂರದ ಗುರಿಗೆ, ಹೆಚ್ಚು ಶಕ್ತಿಗೆ ಆಸೆ ಪಡುವವರು ಇದನ್ನು ಕೊಳ್ಳಬೇಡಿ, ಬೇರೆ ರೈಫಲ್ ನೋಡಿ. ಬೋರ್ ಮತ್ತು ಶಕ್ತಿಯ ಮಿತಿ ಬಗ್ಗೆ ನೀವಿರುವ ಕಡೆಯ ಕಾನೂನು ಏನು ಹೇಳುತ್ತದೆ ಎಂದು ಮೊದಲೇ ತಿಳಿದುಕೊಳ್ಳಿ.

ನನಗಂತೂ ಕ್ರೋನೋಗ್ರಾಫ್ ಬಿಟ್ಟರೆ ದೊಡ್ಡ ಖರ್ಚು ಆ ಕಿಟ್ ಒಂದೇ, ಕೆಲಸಕ್ಕೆ ಬಾರದ್ದೂ ಅದೊಂದೇ. ಬ್ರೀಚ್‌ನಲ್ಲಿರುವ ಸೀಲ್ ಕೂಡ ತೊಗಲಿನದು. ಅದು ಈಚೆಗೆ ಸ್ವಲ್ಪ ತಗ್ಗಿತ್ತು, ಕೆಳಗೆ ತೆಳು ಕಾಗದದ ಬಿಲ್ಲೆ ಇಟ್ಟು ಎತ್ತಿದ್ದೇನೆ. ಮುಂದಿನ ಸಲ ಬಿಚ್ಚಿದಾಗ ಅದನ್ನೂ ಉಳಿದ ತೊಗಲಿನಿಂದಲೇ ಕತ್ತರಿಸಿ ಹಾಕುತ್ತೇನೆ.