ಡಿ ಸಿಕಾ ಡಿವಿಡಿ ಸೆಟ್: ಸಿನಿಮಾ ಬೊಂಬಾಟ್, ಡಿಸ್ಕಿನ ಕಥೆ ಕೇಳ್ಬೇಡಿ

ಮಂಗ್ಳೂರಿನ ಹಂಪನಕಟ್ಟೆ ಹತ್ರ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಸಿಕ್ಕಿದ್ದು, ಇಟಲಿಯ ಸಿನಿಮಾ ಡೈರೆಕ್ಟರ್ ವಿಟ್ಟೋರಿಯೊ ಡಿ ಸಿಕಾನ ನಾಲ್ಕು ಡಿಸ್ಕಿನ ಸೆಟ್, 600 ಹೇಳಿದ್ರು, ಚೌಕಾಸಿ ಮಾಡಿ 450ಕ್ಕೆ ತಂದೆ. ಮನೆಗೆ ಬಂದು ತೆಗೆದ್ರೆ ಡಿಸ್ಕಿಗೆಲ್ಲ ಫಂಗಸ್. ಬೈರಾಸಲ್ಲಿ ಒರೆಸಿ ಹಾಕಿದೆ.

ಮೊದಲು 'ಬೈಸಿಕಲ್ ಥೀವ್ಸ್', 1948ರದ್ದು. ಗಂಡನಿಗೆ ಪೋಸ್ಟರ್ ಅಂಟಿಸುವ ಕೆಲಸ ಸಿಕ್ಕಿರ್ತದೆ ಆದ್ರೆ ಸೈಕಲ್ ಬೇಕು, ಅದನ್ನು ಮೊದಲೇ ಅಡವಿಟ್ಟಾಗಿದೆ, ಹಾಗಾಗಿ ಹೆಂಡ್ತಿ ಹಾಸಿಗೆಯ ಬೆಡ್‌ಶೀಟ್ ಎಲ್ಲ ಎಳೆದು ಅಡವಿಟ್ಟು ಸೈಕಲ್ ಬಿಡಿಸ್ತಾಳೆ. ಅಡವಿನ ಅಂಗಡಿಯವ ಆ ಗಂಟು ಹಿಡ್ಕೊಂಡು ಕಪಾಟು ಹತ್ತುತ್ತಾನೆ ನೋಡಿ, ಹತ್ತಿದಷ್ಟೂ ಮೇಲೆ ಬೇರೆಯವರ ಗಂಟುಗಳೇ! ಪಕ್ಕದಲ್ಲಿ ಬೀಡಿ ಕಟ್ತಾ ಇದ್ದ ಅಮ್ಮ ಕೇಳಿದ್ದು ಒಂದೇ, "ಇನ್ನು ಇವ್ರು ಮಲಗುದು ಎಂಥದ್ರ ಮೇಲೆ?"

ಹೀರೋ ಆಗಿದ್ದವ ನಿಜವಾಗಿ ಫ್ಯಾಕ್ಟರಿ ಕೆಲಸಗಾರ, ಲಂಬೆರ್ತೊ ಮಜ್ಜೊರಾನಿ. ದೊಡ್ಡ ಸ್ಟಾರ್ ಕ್ಯಾರಿ ಗ್ರಾಂಟನ್ನು ಹಾಕಿದ್ರೆ ದುಡ್ಡು ಕೊಡ್ತೇನೆ ಅಂದ ಹಾಲಿವುಡ್ ನಿರ್ಮಾಪಕನಿಗೆ ಡಿ ಸಿಕಾ ಒಪ್ಪಲಿಲ್ಲ. ಡಿ ಸಿಕಾ ತಾನೇ ಮೊದಲು ಚಂದದ ಕಾಮಿಡಿ ಹೀರೋ, 1940ರಲ್ಲಿ ಡೈರೆಕ್ಷನಿಗೆ ಇಳಿದದ್ದು, ಆಮೇಲೂ ಸ್ವಂತ ಸಿನಿಮಾಕ್ಕೆ ದುಡ್ಡು ಹೊಂದಿಸ್ಲಿಕ್ಕೆ ಕಂಡ ಕಂಡ ಪಾತ್ರ ಮಾಡ್ತಿದ್ದ, ಮೇಲಿಂದ ಜೂಜಿನ ಚಟ ಬೇರೆ. ನಾಲ್ಕು ಆಸ್ಕರ್ ಬಂದ ಮನುಷ್ಯ ಮಾರಾಯ್ರೆ!

ಸಬ್‌ಟೈಟಲ್ ಮಾತ್ರ ದರಿದ್ರ. ಅಪ್ಪ ಮಗನಿಗೆ ಬೈದು ಮುಗಿಸಿ ಆಚೆ ಹೋದ ಮೇಲೆ ಬೈಗುಳ ಬರ್ತದೆ.

ನನಗೆ ಜಾಸ್ತಿ ಹಿಡಿಸಿದ್ದು 1952ರ 'ಉಂಬೆರ್ತೊ ಡಿ'. ಪಿಂಚಣಿ ಸಾಕಾಗದ ಮುದುಕ, ಅವನ ನಾಯಿ. ಮುದುಕನಾಗಿದ್ದು ಒಬ್ಬ ಪ್ರೊಫೆಸರ್, ಸಿನಿಮಾವನ್ನು ಅರ್ಪಿಸಿದ್ದು ಡಿ ಸಿಕಾ ತನ್ನ ಅಪ್ಪನಿಗೆ. ಅದ್ರಲ್ಲಿ ಕೆಲಸದ ಹುಡುಗಿ ಬೆಳಿಗ್ಗೆ ಎದ್ದು ಒಲೆ ಹಚ್ಚಿ, ಗೋಡೆಯ ಇರುವೆಗೆ ನೀರು ಹಾಕಿ, ಕೂತು ಕಾಫಿ ಬೀಜ ಪುಡಿ ಮಾಡ್ತಾ ಕಾಲು ಚಾಚಿ ಬೆರಳ ತುದಿಯಲ್ಲೇ ಬಾಗಿಲು ಮುಚ್ಚುತ್ತಾಳೆ. ಮದುವೆಯಾಗದೆ ಬಸುರಿ, ಕಣ್ಣಲ್ಲಿ ನೀರು, ಆದ್ರೆ ಕೈ ನಿಲ್ಲುದಿಲ್ಲ. ಮಾತೇ ಇಲ್ಲದ ಸೀನ್, ಹಾಗಾಗಿ ಸಬ್‌ಟೈಟಲಿನ ರಗಳೆಯೂ ಇಲ್ಲ. ಎರಡು ಸಲ ಹಿಂದೆ ಹಾಕಿ ನೋಡಿದೆ. ಇದೊಂದಕ್ಕೇ 450 ವಸೂಲ್.

'ಶೂಶೈನ್' ಸಹ ಒಳ್ಳೆದುಂಟು. 'ಮಿರಾಕಲ್ ಇನ್ ಮಿಲಾನ್' ಡಿಸ್ಕ್ ಹತ್ತೇ ನಿಮಿಷಕ್ಕೆ ನಿಂತಿತು. ವಾಪಸ್ ತಗೊಳ್ಳಿ ಅಂದ್ರೆ ಅಂಗಡಿಯವ್ರು, "ಸ್ವಲ್ಪ ಬಿಸಿಲಿಗೆ ಇಡಿ, ಸರಿಯಾಗ್ತದೆ" ಅಂತಾರೆ. ಜುಲೈಯಲ್ಲಿ ಮಂಗ್ಳೂರಲ್ಲಿ ಬಿಸಿಲು ಎಲ್ಲಿಂದ ತರುದು?