ಪ್ರೊ-ಜೆಕ್ಟ್ ಡೆಬ್ಯೂ ಕಾರ್ಬನ್ ಇವೊ: ಕೆಲವು ವರ್ಷಗಳ ಬಳಕೆಯ ಮೇಲೆ

ಸೂಟ್‌ಕೇಸಿನ ಆಕಾರದಲ್ಲಿ, ಸ್ಪೀಕರನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡು ಬರುವ ಅಗ್ಗದ ರೆಕಾರ್ಡ್ ಪ್ಲೇಯರುಗಳ ಬಗ್ಗೆ ಸಲಹೆ ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಮನೆಯ ಹಳೆಯ ಪ್ಲೇಟುಗಳ ಮೇಲೆ ಪ್ರೀತಿಯಿದ್ದರೆ ಅವನ್ನು ಅಂಥ ಭಾರದ ಮುಳ್ಳಿಗೆ ಒಪ್ಪಿಸಬೇಡಿ. ಆ ಪೆಟ್ಟಿಗೆಗಳಿಗಿಂತ ಸಾಕಷ್ಟು ಮೇಲೆ, ಲಕ್ಷಗಟ್ಟಲೆ ಬೆಲೆಬಾಳುವ ಯಂತ್ರಗಳಿಗಿಂತ ಬಹಳ ಕೆಳಗೆ ನಿಲ್ಲುವುದು ಪ್ರೊ-ಜೆಕ್ಟ್ ಕಂಪನಿಯ ಡೆಬ್ಯೂ ಎಂಬ ಟರ್ನ್‌ಟೇಬಲ್ (ಪ್ಲೇಟು ನುಡಿಸುವ ಯಂತ್ರ) ಸರಣಿ. ಅದರಲ್ಲಿ 2020ರಲ್ಲಿ ಬಂದ ಕಾರ್ಬನ್ ಇವೊ, ಮೈಸೂರಿನ ಚಾಮರಾಜಪುರಂನ ನಮ್ಮ ಮನೆಯಲ್ಲಿ ಕೆಲವು ವರ್ಷಗಳಿಂದ ಹೆಚ್ಚುಕಡಿಮೆ ಪ್ರತಿ ಸಂಜೆಯೂ ತಿರುಗುತ್ತಿದೆ.

ಆಸ್ಟ್ರಿಯಾದ ಹೈಂಜ್ ಲಿಕ್ಟೆನೆಗ್ಗರ್ ಈ ಕಂಪನಿಯನ್ನು ಕಟ್ಟಿದ್ದು 1991ರಲ್ಲಿ, ಸಿ.ಡಿ. ಬಂದಾಯಿತು, ಪ್ಲೇಟುಗಳ ಕಾಲ ಮುಗಿಯಿತೆಂದು ಲೋಕವೆಲ್ಲ ಷರಾ ಬರೆದಿದ್ದ ಹೊತ್ತಿನಲ್ಲಿ. ಅವರ ಧೈರ್ಯಕ್ಕೆ ಬೆನ್ನೆಲುಬಾಗಿ ನಿಂತದ್ದು ಜೆಕ್ ನಾಡಿನ ಲಿಟೊವೆಲ್ ಎಂಬ ಊರಿನ ಕಾರ್ಖಾನೆ. ಟೆಸ್ಲಾ ಎಂಬ ಸರ್ಕಾರಿ ಸಂಸ್ಥೆಗೆ ಸೇರಿದ್ದ ಆ ಕಾರ್ಖಾನೆ (ಇಂದಿನ ಕಾರಿನ ಕಂಪನಿಗೂ ಅದಕ್ಕೂ ಸಂಬಂಧವಿಲ್ಲ) ಕಮ್ಯುನಿಸ್ಟ್ ಆಡಳಿತದ ಕಾಲದಿಂದ ಟರ್ನ್‌ಟೇಬಲ್ ತಯಾರಿಸುತ್ತಿತ್ತು. 1989ರಲ್ಲಿ ಆ ಆಡಳಿತ ಬಿದ್ದುಹೋದರೂ, ಬೇರಿಂಗ್ ಕೂರಿಸುವ, ಟೋನ್‌ಆರ್ಮ್ (ಮುಳ್ಳನ್ನು ಹೊತ್ತ ತೋಳು) ಜೋಡಿಸುವ ಕೆಲಸ ಬಲ್ಲವರು ಅಲ್ಲೇ ಇದ್ದರು. ಆ ದೇಶದ ಎಂಜಿನಿಯರಿಂಗ್ ಮೈಸೂರಿಗರಿಗೆ ಹೊಸದೇನಲ್ಲ. ಅಲ್ಲಿಯ ತಂತ್ರಜ್ಞಾನವನ್ನೇ ನಂಬಿ 1960ರ ದಶಕದ ಆರಂಭದಲ್ಲಿ ಮೋಟಾರ್‌ಸೈಕಲ್ ತಯಾರಿಸಲು ತೊಡಗಿದ ಯಾದವಗಿರಿಯ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಮುಚ್ಚಿತು, ಅಲ್ಲಿನವರ ಕೈಚಳಕ ಊರಿನ ಗ್ಯಾರೇಜುಗಳಿಗೆ ಚದುರಿತು. ಲಿಟೊವೆಲ್‌ನಲ್ಲಿ ಮಾತ್ರ ಕಸುಬು ಕಸುಬುದಾರರ ಜೊತೆಗೇ, ಅದೇ ಊರಿನಲ್ಲಿ ಉಳಿಯಿತು. ಯುರೋಪಿನಲ್ಲೇ ತಯಾರಾದ ಯಂತ್ರವೊಂದು ಈ ಬೆಲೆಗೆ ಸಿಗುವುದರ ಹಿಂದಿನ ಮುಖ್ಯ ಕಾರಣ ಇದೇ ಎಂದು ನನ್ನ ತಿಳಿವಳಿಕೆ.

ಇನ್ನೊಂದು ಕಾರಣ ಜಿಪುಣತನ, ಆದರೆ ಜಾಣ ಜಿಪುಣತನ. ಕಂಪನಿ ಹಣ ಸುರಿದಿರುವುದು ಮುಳ್ಳಿಗೂ, ಪ್ಲೇಟನ್ನು ಹೊತ್ತು ತಿರುಗುವ ತಟ್ಟೆಗೂ ಸಂಬಂಧಿಸಿದ ಭಾಗಗಳಿಗೆ ಮಾತ್ರ. 8.6 ಇಂಚಿನ ಟೋನ್‌ಆರ್ಮ್ ಕಾರ್ಬನ್ ಫೈಬರಿನದು, 1.7 ಕಿಲೋ ತೂಗುವ ಉಕ್ಕಿನ ತಟ್ಟೆಯ ಅಂಚಿನ ಒಳಬದಿಗೆ ಅದುರು ನುಂಗುವ ರಬ್ಬರಿನಂಥ ಪಟ್ಟಿಯಿದೆ. ತಟ್ಟೆ ತಿರುಗುವಾಗ ಟೋನ್‌ಆರ್ಮ್ ತಾನಾಗಿ ಒಳಗಡೆಗೆ ಎಳೆದುಕೊಳ್ಳುತ್ತದೆ. ಅದನ್ನು ಸರಿದೂಗಿಸಲು ಬೇರೆ ಕಂಪನಿಗಳು ಸ್ಪ್ರಿಂಗನ್ನೋ ಅಯಸ್ಕಾಂತವನ್ನೋ ಬಳಸುವ ಕಡೆ ಇಲ್ಲಿರುವುದು ಒಂದು ನೈಲಾನ್ ದಾರ, ಅದರ ತುದಿಗೆ ಕಡಲೆಕಾಳಿನಷ್ಟು ಗಾತ್ರದ ತೂಕ. ದಾರದ ಕುಣಿಕೆಯನ್ನು ಟೋನ್‌ಆರ್ಮಿನ ಹಿಂದಿರುವ ಮೂರು ಗೀರುಗಳಲ್ಲಿ ತಕ್ಕ ಒಂದಕ್ಕೆ ಸಿಕ್ಕಿಸಬೇಕು. ಕನ್ನಡಕ ಹಾಕಿಕೊಂಡು, ಉಸಿರು ಬಿಗಿಹಿಡಿದು ಮಾಡುವ ಕೆಲಸವಾದರೂ ಒಮ್ಮೆ ಮಾಡಿಟ್ಟರೆ ಮತ್ತೆ ಮುಟ್ಟುವ ಅಗತ್ಯ ಬೀಳುವುದಿಲ್ಲ, ಕೆಡುವುದಕ್ಕೂ ಅದರಲ್ಲಿ ಏನಿಲ್ಲ. ನನ್ನದರ ಜೊತೆ ಬಂದ ಆರ್ಟೊಫಾನ್ ಕಂಪನಿಯ 2ಎಂ ರೆಡ್ ಕಾರ್ಟ್ರಿಜ್ಜಿಗೆ (ಮುಳ್ಳಿನ ಅದುರನ್ನು ವಿದ್ಯುತ್ ಸಂಕೇತವಾಗಿಸುವ, ಟೋನ್‌ಆರ್ಮಿನ ತುದಿಯ ಭಾಗ) ಪ್ಲೇಟಿನ ಮೇಲೆ 1.8 ಗ್ರಾಂ ಒತ್ತಡ ಬೇಕು. ಅದಕ್ಕಾಗಿ ಪುಟ್ಟದೊಂದು ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳುವುದು ಒಳ್ಳೆಯದು.

ವೇಗ ಬದಲಿಸಲು ಹಳೆಯ ಡೆಬ್ಯೂಗಳಲ್ಲಿ ತಟ್ಟೆಯನ್ನು ಎತ್ತಿಟ್ಟು ಬೆಲ್ಟನ್ನು ಕೈಯಾರೆ ಸರಿಸಬೇಕಿತ್ತು, ಇವೊದಲ್ಲಿ ಗುಂಡಿಯೊಂದನ್ನು ಒತ್ತಿದರೆ ನಿಮಿಷಕ್ಕೆ 33 ಸುತ್ತು ಇದ್ದದ್ದು 45 ಆಗುತ್ತದೆ. ವೇಗದ ಸ್ಥಿರತೆಯನ್ನು ಪರೀಕ್ಷಿಸಲು ನನಗೆ ಉಪಕರಣ ಬೇಕೆನಿಸಿಲ್ಲ, ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರ ಎಲ್‌ಪಿ ಸಾಕು. ಒಂದೇ ಮೀಟಿನಲ್ಲಿ ತಂತಿಯನ್ನೆಳೆದು ಅವರು ಸ್ವರದಿಂದ ಸ್ವರಕ್ಕೆ ಜಾರುವಾಗ ಮೋಟರು ಎಳ್ಳಷ್ಟು ತಡವರಿಸಿದರೂ ಗಮಕ ಅಪಸ್ವರವಾಗುತ್ತದೆ, ಮತ್ತು ಇಷ್ಟು ದಿನಗಳಲ್ಲಿ ಅದು ಹಾಗಾಗಿದ್ದನ್ನು ನಾನು ಕೇಳಿಲ್ಲ. ಮೈಸೂರಿನ ಹಳೆಯ ಮನೆಗಳ ಅಟ್ಟದಲ್ಲಿ ಚೌಡಯ್ಯನವರ ಕಾಲದ 78 ವೇಗದ ಅರಗಿನ ಪ್ಲೇಟುಗಳು ಇನ್ನೂ ಸಿಗುವುದರಿಂದ ಒಂದು ಮಾತು ಸೇರಿಸುತ್ತೇನೆ. ಜೊತೆಗೆ ಕೊಡುವ ದುಂಡನೆಯ ಬೆಲ್ಟನ್ನು ತೊಡಿಸಿದರೆ ಇವೊ 78ರ ವೇಗಕ್ಕೂ ಓಡುತ್ತದೆ. ಆದರೆ ಎಲ್‌ಪಿಯ ಸಣ್ಣ ಮುಳ್ಳನ್ನು ಆ ಅಗಲವಾದ ಗೆರೆಗಳಿಗೆ ಇಳಿಸಿದರೆ ಅದು ತಳದ ಧೂಳನ್ನೇ ಉಳುತ್ತದೆ. 65 ಮೈಕ್ರಾನ್ ದಪ್ಪದ, ಆರ್ಟೊಫಾನ್‌ನವರದೇ 78ರ ಮುಳ್ಳನ್ನು ಬೇರೆಯಾಗಿ ಕೊಳ್ಳಬೇಕು. ಅದು ರೆಡ್ ಕಾರ್ಟ್ರಿಜ್ಜಿಗೇ ಕೂರುತ್ತದೆ.

ಇದರಲ್ಲಿ ಏನೇನಿಲ್ಲ ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು. ಕಾರ್ಟ್ರಿಜ್ಜಿನ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಫೋನೋ ಆಂಪ್ಲಿಫೈಯರ್ ಒಳಗೆ ಇಲ್ಲ, ಅದರ ಖರ್ಚು ಪ್ರತ್ಯೇಕ. ಪ್ಲೇಟು ಮುಗಿದಾಗ ಮುಳ್ಳು ತಾನಾಗಿ ಏಳುವುದಿಲ್ಲ, ಊಟವಾದ ಮೇಲೆ ಕುರ್ಚಿಯಲ್ಲೇ ತೂಕಡಿಸುವ ಅಭ್ಯಾಸವಿದ್ದವರಿಗೆ ಸ್ವಯಂಚಾಲಿತ ಮಾದರಿಯೇ ಲೇಸು. ತಟ್ಟೆಯ ಮೇಲೆ ಹಾಕುವ ಫೆಲ್ಟ್ ಹಾಸು ಎಂಬುದು ಯಾವ ಕಂಪನಿಯದಾದರೂ ಮಾರ್ಚ್‌ನ ಒಣಹವೆಯಲ್ಲಿ ಪ್ಲೇಟಿಗೆ ಅಂಟಿಕೊಂಡು ಮೇಲೇಳುವ ವಸ್ತು. ನಾನು ಅದನ್ನು ತೆಗೆದು ಕಾರ್ಕಿನದನ್ನು ಹಾಸಿದ್ದೇನೆ. ಮೂರೇ ಕಾಲುಗಳಿದ್ದು, ಮೂರನ್ನೂ ತಿರುಗಿಸಿ ಎತ್ತರ ಹೊಂದಿಸಬಹುದಾದ್ದರಿಂದ, ಗೋಡೆಗೆ ಕೂರಿಸಿದ ಕಡಪ ಕಲ್ಲಿನ ಮೇಲೆ ಮಟ್ಟ ಹಿಡಿಯುವುದು ಸುಲಭವಾಯಿತು. ಮರದ ಮೇಜಿನ ಮೇಲಿಟ್ಟು ಪಕ್ಕದಲ್ಲಿ ಓಡಾಡಿದರೆ ಮುಳ್ಳು ಅದನ್ನೂ ಹಾಡಿಗೆ ಸೇರಿಸಿಕೊಳ್ಳುತ್ತದೆ.

ಮುಳ್ಳಿನ ಆಯಸ್ಸು ಸುಮಾರು 1,000 ಗಂಟೆ ಎಂದು ಹೇಳುವ ವಾಡಿಕೆ. ಸವೆದಾಗ ಕಾರ್ಟ್ರಿಜ್ಜನ್ನು ಬಿಚ್ಚದೆ ಮುಳ್ಳನ್ನಷ್ಟೇ ಬದಲಿಸಬಹುದು, ಇನ್ನೂ ಸೂಕ್ಷ್ಮವಾದ 2ಎಂ ಬ್ಲೂ ಮುಳ್ಳು ಸಹ ಅದೇ ಕಾರ್ಟ್ರಿಜ್ಜಿಗೆ ಹೊಂದುತ್ತದೆ. ಈ ಬಾರಿ ಬದಲಿಸುವಾಗ ಬ್ಲೂವನ್ನೇ ತರಿಸಲಿದ್ದೇನೆ.