ಪಿಯು ಕಾಲೇಜು: ಫ್ಲೆಕ್ಸ್ ನಂಬುವುದೋ, ಓದಿ ಹೋದವರನ್ನೋ?

ಮಗಳಿಗೆ ಕಾಲೇಜು ಹುಡುಕುತ್ತಿರುವ ಗೆಳೆಯರ ಪ್ರಶ್ನೆ ಇದು.

ಇಷ್ಟು ರ‍್ಯಾಂಕ್ ಬಂತೆಂದು ಕಾಲೇಜು ಸಾರುವ ಫ್ಲೆಕ್ಸ್ ನೋಡಲು ಖರ್ಚಿಲ್ಲ, ಓಡಾಟವಿಲ್ಲ. ನಿಖರತೆಯ ಮಾತು ಬಂದಾಗಲೇ ತೊಡಕು. ಸಿಇಟಿಯಲ್ಲಿ ಒಬ್ಬನೇ ವಿದ್ಯಾರ್ಥಿಗೆ ಎಂಜಿನಿಯರಿಂಗ್, ಕೃಷಿ, ಫಾರ್ಮಸಿ ಎಂದು ಬೇರೆ ಬೇರೆ ರ‍್ಯಾಂಕ್ ಬರುತ್ತದೆ. ಫ್ಲೆಕ್ಸಿನಲ್ಲಿ ಎಲ್ಲವನ್ನೂ ಕೂಡಿಸಿದರೆ ಒಬ್ಬ ಮೂವರಾಗುತ್ತಾನೆ. ರ‍್ಯಾಂಕ್ ಬಂದವರೆಲ್ಲ ಸೀಟು ಪಡೆದು ಸೇರುವುದೂ ಇಲ್ಲ. ವಿಜಯನಗರದಲ್ಲಿ ಒಂದೇ ಹುಡುಗ ಕಾಲೇಜಿನ ಫ್ಲೆಕ್ಸಿನಲ್ಲೂ ಎದುರಿನ ಕೋಚಿಂಗ್ ಕೇಂದ್ರದ ಫ್ಲೆಕ್ಸಿನಲ್ಲೂ ನಗುತ್ತಿದ್ದ, ಅಂಗಿಯೂ ಅದೇ! ‘ಪರೀಕ್ಷೆಗೆ ಕೂತವರೆಷ್ಟು?’ ಎಂದು ಕಚೇರಿಯಲ್ಲಿ ಕೇಳಿ.

ಓದಿ ಹೋದವರನ್ನು ಹಿಡಿಯಲು ಎರಡು ಭಾನುವಾರ ಬೇಕು. ಸೋತವರು ಸುಲಭಕ್ಕೆ ಸಿಗುವುದಿಲ್ಲ. ಆದರೂ ಬೆಂಚಿನಲ್ಲಿ ಪಕ್ಕ ಕೂತವರು ಎಲ್ಲಿ ಸೇರಿದರು ಎಂಬುದು ಓದಿ ಹೋದವರಿಗಷ್ಟೇ ಗೊತ್ತು.

ಮೊದಲ ಸಾಲಿನ ರ‍್ಯಾಂಕೇ ಗುರಿಯಾದರೆ ಕಾಲೇಜುಗಳನ್ನು ಸೋಸಲು ಫ್ಲೆಕ್ಸ್ ಸಾಕು. ಮಗಳು ಮಧ್ಯಮ ಅಂಕದವಳಾದರೆ ಭಾನುವಾರಗಳನ್ನು ಬಿಡುವು ಮಾಡಿಕೊಳ್ಳಿ.